ಖಾಲಿನಾ, ಭರ್ತಿನಾ? ಡಿಸ್ಕ್ ಒಳಗಿನ ಒಂದು ಬಿಟ್ ಕಥೆ

ಕೇಳುಗರೆಲ್ಲರಿಗೂ ನಮಸ್ಕಾರ. ದೇವಸ್ಥಾನದ ಛತ್ರಗಳಲ್ಲಿ ಉಳ್ಕೊಂಡಿರೋರು ನೋಡಿರ್ತೀರಿ, ಮ್ಯಾನೇಜರ್ ಕೂತಿರೋ ಜಾಗದ ಹಿಂದೆ ಗೋಡೆ ಮೇಲೆ ಒಂದು ಮರದ ಹಲಗೆ ಇರತ್ತೆ, ಅದರಲ್ಲಿ ಸಾಲಾಗಿ ಮೊಳೆ ಹೊಡೆದಿರ್ತಾರೆ, ಒಂದೊಂದು ಮೊಳೆಗೂ ಒಂದೊಂದು ರೂಮ್ ನಂಬರ್. ಬೀಗದ ಕೈ ನೇತಾಡ್ತಿದ್ರೆ ರೂಮ್ ಖಾಲಿ, ಮೊಳೆ ಬರಿದಾಗಿದ್ರೆ ಒಳಗೆ ಯಾರೋ ಇದಾರೆ. ಅವರು ಪ್ರತಿ ರೂಮಿಗೂ ಹೋಗಿ ಬಾಗಿಲು ತಟ್ಟಿ ನೋಡಲ್ಲ, ತಿರುಗಿ ಹಲಗೆ ನೋಡ್ತಾರೆ, ಕೀ ತೆಗೆದು ಕೊಡ್ತಾರೆ. ನಿಮ್ಮ ಕಂಪ್ಯೂಟರಿನ ಡಿಸ್ಕ್ ಒಳಗೂ ಇಂಥದ್ದೇ ಒಂದು ಹಲಗೆ ಇದೆ, ಹೆಸರು ಬಿಟ್‌ಮ್ಯಾಪ್. ನಾನು ದಿನಾ ಸರ್ವರ್‌ಗಳ ಜೊತೆ ಏಗೋ ಮನುಷ್ಯ, ಇದರ ಬಗ್ಗೆ ಹೇಳ್ಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು.

ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು, ಡಿಸ್ಕನ್ನ ಸಮ ಅಳತೆಯ ತುಂಡುಗಳಾಗಿ ನೋಡತ್ತೆ, ಬ್ಲಾಕ್ ಅಂತೀವಿ. ಡಿಸ್ಕ್ ಮೇಲೆ ಫೈಲ್ ಜೋಡಿಸಿಡೋ ವ್ಯವಸ್ಥೆಗೆ ಫೈಲ್ ಸಿಸ್ಟಮ್ ಅಂತಾರೆ, ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ಎಕ್ಸ್ಟ್4 ಫೈಲ್ ಸಿಸ್ಟಮ್ ತಗೊಂಡ್ರೆ ಒಂದು ಬ್ಲಾಕ್ ಸಾಮಾನ್ಯವಾಗಿ 4096 ಬೈಟ್. ಒಂದು ಬ್ಲಾಕಿಗೆ ಒಂದು ಬಿಟ್, 1 ಅಂದ್ರೆ ಭರ್ತಿ, 0 ಅಂದ್ರೆ ಖಾಲಿ, ಇಷ್ಟೇ. ಈ ಬಿಟ್‌ಗಳನ್ನೂ ಎಲ್ಲಾದ್ರೂ ಇಡ್ಬೇಕಲ್ಲ, ಅದಕ್ಕೂ ಒಂದು ಬ್ಲಾಕೇ. ಒಂದು ಬೈಟಿಗೆ 8 ಬಿಟ್, 4096 ಬೈಟಲ್ಲಿ 32768 ಬಿಟ್ ಹಿಡಿಯತ್ತೆ, ಹಾಗಾಗಿ ಒಂದು ಬಿಟ್‌ಮ್ಯಾಪ್ 32768 ಬ್ಲಾಕ್, ಅಂದ್ರೆ 128 ಎಂಬಿ ಜಾಗದ ಲೆಕ್ಕ ಇಡತ್ತೆ, ಆ 128 ಎಂಬಿಗೆ ಬ್ಲಾಕ್ ಗ್ರೂಪ್ ಅಂತ ಹೆಸರು. ಒಂದು ಟಿಬಿ ಡಿಸ್ಕ್ ಆದ್ರೆ 8192 ಗ್ರೂಪ್, ಎಲ್ಲಾ ಬಿಟ್‌ಮ್ಯಾಪ್ ಒಟ್ಟು ಮಾಡಿದ್ರೂ 32 ಎಂಬಿ ದಾಟಲ್ಲ. ಛತ್ರಕ್ಕೆ ಹೋಲಿಸಿದ್ರೆ ಮಹಡಿಗೊಂದು ಹಲಗೆ ಇದ್ದ ಹಾಗೆ.

ಮೊದಲಿಂದ ಹೀಗೇ ಇರಲಿಲ್ಲ. ಲಿನಕ್ಸಿಗೂ ಮುಂಚಿನ ಯೂನಿಕ್ಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಖಾಲಿ ಬ್ಲಾಕ್‌ಗಳ ನಂಬರನ್ನ ಸರಪಳಿ ತರ ಪೋಣಿಸಿ ಇಡ್ತಿದ್ರು, ಬೇಕಾದಾಗ ಮುಂದಿನದನ್ನ ಕಿತ್ಕೊಳ್ಳೋದು, ಫೈಲ್ ಅಳಿಸಿದಾಗ ವಾಪಸ್ ಸಿಕ್ಕಿಸೋದು. ಹೊಸದರಲ್ಲಿ ಸರಿ, ಆದ್ರೆ ದಿನ ಕಳೀತಾ ಕಳೀತಾ ಆ ಸರಪಳಿ ಕಲಸುಮೇಲೋಗರ ಆಗೋದು, ಒಂದೇ ಫೈಲಿನ ತುಂಡುಗಳು ಡಿಸ್ಕ್ ತುಂಬಾ ಚೆಲ್ಲಾಪಿಲ್ಲಿ. 1984ರಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯ ಮೆಕ್‌ಕ್ಯುಸಿಕ್, ಬಿಲ್ ಜಾಯ್, ಲೆಫ್ಲರ್, ಫ್ಯಾಬ್ರಿ ನಾಲ್ಕೂ ಜನ ಸೇರಿ ಬರೆದ ಪ್ರಬಂಧದಲ್ಲಿ ಇದರ ಲೆಕ್ಕಾನೇ ಕೊಟ್ಟಿದಾರೆ, ಶುರುವಲ್ಲಿ ಸೆಕೆಂಡಿಗೆ 175 ಕೆಬಿ ತನಕ ಓದ್ತಿದ್ದಿದ್ದು ಕೆಲವೇ ವಾರ ಬಳಸೋ ಅಷ್ಟರಲ್ಲಿ 30 ಕೆಬಿಗೆ ಇಳೀತಿತ್ತು ಅಂತ. ಅವರು ಸರಪಳಿ ಬಿಟ್ಟು ಡಿಸ್ಕಿನ ಭಾಗಭಾಗಕ್ಕೂ ಒಂದೊಂದು ಬಿಟ್‌ಮ್ಯಾಪ್ ಇಟ್ರು. ಬಿಟ್‌ಮ್ಯಾಪಲ್ಲಿ ಅಕ್ಕಪಕ್ಕದ ಖಾಲಿ ಜಾಗ ಕಣ್ಣಿಗೆ ಕಾಣತ್ತೆ ನೋಡಿ, ಹತ್ತು ಸೊನ್ನೆ ಒಟ್ಟಿಗಿದ್ರೆ ಹತ್ತು ಬ್ಲಾಕ್ ಒಟ್ಟಿಗೇ ಸಿಕ್ತು. ಪ್ರೊಸೆಸರ್ ಒಂದೇ ಸಲ 64 ಬಿಟ್ ನೋಡತ್ತೆ, ಪೂರ್ತಿ 1 ಇದ್ರೆ ಮುಂದಕ್ಕೆ ಹೋಗ್ತಾ ಇರತ್ತೆ.

ಇಲ್ಲೀ ತನಕ ಸುಲಭ. ಕಷ್ಟ ಶುರುವಾಗೋದು ಕರೆಂಟ್ ಹೋದಾಗ.

ಕರ್ನಲ್ ಬಿಟ್‌ಮ್ಯಾಪನ್ನ ಮೆಮೊರಿಗೆ ತಂದು ಅಲ್ಲೇ ಬಿಟ್ ತಿರುಗಿಸತ್ತೆ, ಡಿಸ್ಕಿಗೆ ಬರೆಯೋದು ಆಮೇಲೆ, ಅದೂ ಒಂದು ಬಿಟ್ ಬದಲಾಗಿದ್ರೂ ಇಡೀ ಬ್ಲಾಕ್ ಬರೀಬೇಕು. ಈ ಮಧ್ಯೆ ಕರೆಂಟ್ ಹೋದ್ರೆ ಡಿಸ್ಕ್ ಮೇಲೆ ಉಳಿಯೋದು ಹಳೇ ಹಲಗೆ. ಇಲ್ಲಿ ಎರಡು ತರದ ತಪ್ಪಾಗಬಹುದು, ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಖಾಲಿ ಇರೋ ಬ್ಲಾಕಿಗೆ 1 ಅಂತ ಉಳಿದ್ರೆ ಒಂದಿಷ್ಟು ಜಾಗ ವೇಸ್ಟ್, ಯಾರ ಗಂಟೂ ಹೋಗಲ್ಲ. ಆದ್ರೆ ಭರ್ತಿ ಇರೋ ಬ್ಲಾಕಿಗೆ 0 ಅಂತ ಉಳಿದ್ರೆ ಅದೇ ರೂಮಿನ ಇನ್ನೊಂದು ಕೀ ಇನ್ನೊಬ್ಬರ ಕೈಗೆ ಕೊಟ್ಟಂಗೆ, ಎರಡನೇ ಫೈಲ್ ಬಂದು ಮೊದಲನೇದರ ಮೇಲೆ ಕೂತ್ಕೊಳ್ಳತ್ತೆ.

ನಾನು ಇದನ್ನ ಕಣ್ಣಾರೆ ನೋಡಿದೀನಿ. ಒಂದು ಸಣ್ಣ ಆಫೀಸು, ಜರ್ನಲ್, ಅಂದ್ರೆ ಬದಲಾವಣೆಗಳನ್ನ ಮೊದಲೇ ಬರೆದಿಡೋ ದಿನಚರಿ, ಇಲ್ಲದ ಎಕ್ಸ್ಟ್2 ಅನ್ನೋ ಹಳೇ ಫೈಲ್ ಸಿಸ್ಟಮ್ಮಿನ ಡಿಸ್ಕು, ಯುಪಿಎಸ್ ಬ್ಯಾಟರಿ ಸತ್ತಿತ್ತು, ಮಧ್ಯಾಹ್ನ ಕರೆಂಟ್ ಹೋಯ್ತು. ವಾಪಸ್ ಬಂದಾಗ ಡಿಸ್ಕ್ ಚೆಕ್ ಮಾಡೋಕೆ ಹೊತ್ತು ಹಿಡಿಯತ್ತೆ ಅಂತ ಅದನ್ನ ಬಿಟ್ಟು ಹಾಗೇ ಕೆಲಸ ಶುರು ಮಾಡಿಬಿಟ್ಟಿದ್ರು, ಎರಡು ದಿನ. ನಾನು ಹೋಗಿ ಎಫ್‌ಎಸ್‌ಸಿಕೆ ಅನ್ನೋ ಡಿಸ್ಕ್ ಚೆಕ್ ಮಾಡೋ ಪ್ರೋಗ್ರಾಮ್ ಓಡಿಸಿದ್ರೆ ಮೊದಲು ಬಂದಿದ್ದೇ ಒಂದೇ ಬ್ಲಾಕನ್ನ ಎರಡೆರಡು ಫೈಲ್ ನಂದು ಅಂತಿವೆ ಅನ್ನೋ ದೂರು, ಕೊನೇ ಹಂತದಲ್ಲಿ ಬ್ಲಾಕ್ ಬಿಟ್‌ಮ್ಯಾಪ್ ಡಿಫರೆನ್ಸಸ್ ಅಂತ ಸ್ಕ್ರೀನ್ ತುಂಬಾ ನಂಬರು, ಕೆಲವಕ್ಕೆ ಮುಂದೆ ಮೈನಸ್, ಕೆಲವಕ್ಕೆ ಪ್ಲಸ್. ಮೈನಸ್ ಅಂದ್ರೆ ಹಲಗೆ ಭರ್ತಿ ಅನ್ನತ್ತೆ ಆದ್ರೆ ಯಾರೂ ಇಲ್ಲ, ಪ್ಲಸ್ ಅಂದ್ರೆ ಫೈಲ್ ಇದೆ ಆದ್ರೆ ಹಲಗೆ ಖಾಲಿ ಅನ್ನತ್ತೆ. ಪ್ಲಸ್ ನೋಡಿದಾಗೆಲ್ಲ ನನ್ನ ಎದೆ ಧಸಕ್ ಅನ್ನತ್ತೆ. ಅಲ್ಲಿ ಅಕೌಂಟ್ಸ್ ನೋಡ್ತಿದ್ದ ಅಮ್ಮ ಒಬ್ಬರು ಲೆಡ್ಜರ್ ಫೈಲ್ ಓಪನ್ ಮಾಡಿ ತೋರಿಸಿದ್ರು, ಮೊದಲರ್ಧ ಅಂಕಿಗಳು ನೀಟಾಗಿದ್ವು, ಮಧ್ಯದಿಂದ ಯಾವುದೋ ಫೋಟೋದ ತುಂಡು, ಬರೀ ಗೀಚುಪಾಚು. ಸಾರ್ ಇದು ಸರಿ ಹೋಗತ್ತಲ್ವಾ ಅಂದ್ರು. ಬ್ಯಾಕಪ್ ಒಂದು ತಿಂಗಳು ಹಳೇದು. ಬಿಟ್‌ಮ್ಯಾಪ್ ಸರಿ ಮಾಡಬಹುದು, ಎಫ್‌ಎಸ್‌ಸಿಕೆ ಎಲ್ಲಾ ಫೈಲನ್ನೂ ನಡೆದು ನೋಡಿ ಹೊಸ ಹಲಗೆ ಕಟ್ಟತ್ತೆ, ಆದ್ರೆ ಮೇಲೆ ಬರೆದುಹೋದ ಅಂಕಿ ಎಲ್ಲಿಂದ ತರೋದು.

ಇದಕ್ಕೇ ಜರ್ನಲ್ ಬಂದಿದ್ದು. ಎಕ್ಸ್ಟ್3, ಎಕ್ಸ್ಟ್4ನಲ್ಲಿ ಫೈಲಿನ ವಿವರ, ಬಿಟ್‌ಮ್ಯಾಪು, ಗ್ರೂಪಿನ ಲೆಕ್ಕ ಎಲ್ಲಾನೂ ಒಂದೇ ಕಟ್ಟು ಮಾಡಿ ಮೊದಲು ಜರ್ನಲಲ್ಲಿ ಬರೀತಾರೆ, ಬಂದ್ರೆ ಎಲ್ಲಾ ಬರತ್ತೆ, ಇಲ್ಲಾಂದ್ರೆ ಯಾವುದೂ ಇಲ್ಲ. ಆದ್ರೆ ಜರ್ನಲ್ ಇದ್ರೂ ಒಂದು ಸೂಕ್ಷ್ಮ ಉಳಿಯತ್ತೆ, ನನಗೆ ಇದರಲ್ಲಿ ಅತೀ ಇಷ್ಟವಾದ ವಿಷಯ ಅದೇ. ನೀವು ಒಂದು ಫೈಲ್ ಅಳಿಸಿದ್ರಿ ಅನ್ಕೊಳ್ಳಿ, ಮೆಮೊರಿಲಿ ಬಿಟ್ 0 ಆಯ್ತು, ತಕ್ಷಣ ಆ ಬ್ಲಾಕನ್ನ ಬೇರೆ ಫೈಲಿಗೆ ಕೊಟ್ಟು ಅದರ ಡೇಟಾನೂ ಬರೆದ್ರು, ಆಗ ಕರೆಂಟ್ ಹೋಯ್ತು, ಅಳಿಸಿದ ಸಂಗತಿ ಇನ್ನೂ ಜರ್ನಲಿಗೆ ಸೇರಿರಲಿಲ್ಲ. ಮಿಷನ್ ಎದ್ದಾಗ ಹಳೇ ಫೈಲ್ ವಾಪಸ್ ಬಂದಿರತ್ತೆ, ಹೊಟ್ಟೆಯೊಳಗೆ ಬೇರೆಯವರ ಡೇಟಾ. ಅದಕ್ಕೆ ಎಕ್ಸ್ಟ್3 ಬಿಟ್‌ಮ್ಯಾಪಿನ ಹಳೇ ಪ್ರತಿ ಒಂದನ್ನ ಮೆಮೊರಿಲಿ ಇಟ್ಕೊಂಡು ಎರಡರಲ್ಲೂ 0 ಇದ್ರೆ ಮಾತ್ರ ಬ್ಲಾಕ್ ಕೊಡ್ತಿತ್ತು, ಎಕ್ಸ್ಟ್4 ಬಿಡುಗಡೆ ಆದ ಬ್ಲಾಕ್‌ಗಳ ಪಟ್ಟಿ ಇಟ್ಕೊಂಡು ಕಮಿಟ್ ಆಗೋ ತನಕ, ಅಂದ್ರೆ ಅಳಿಸಿದ ಸಂಗತಿ ಜರ್ನಲಲ್ಲಿ ಪಕ್ಕಾ ಬರೆದಾಗೋ ತನಕ, ಕಾಯತ್ತೆ. ಕೀ ವಾಪಸ್ ಬಂದ್ರೂ ರಿಜಿಸ್ಟರಲ್ಲಿ ಸಹಿ ಬೀಳೋ ತನಕ ಮೊಳೆಗೆ ಹಾಕದೆ ಡ್ರಾಯರಲ್ಲಿ ಇಟ್ಕೊಂಡಂಗೆ.

ಇನ್ನೊಂದು ತೊಂದರೆ ಏನಂದ್ರೆ ಬಿಟ್‌ಮ್ಯಾಪ್ ಬ್ಲಾಕಿಗೆ ಗುರುತಿನ ಚೀಟಿ ಇಲ್ಲ. 32768 ಬಿಟ್ಟೂ ಲೆಕ್ಕಕ್ಕೇ ಹೋಗ್ಬಿಟ್ವು, ನಾನು ಬಿಟ್‌ಮ್ಯಾಪ್ ಅಂತ ಹೇಳ್ಕೊಳ್ಳೋಕೆ ಒಂದು ಬೈಟೂ ಉಳಿದಿಲ್ಲ, ಅಲ್ಲಿ ಕಸ ಬಿದ್ದಿದ್ರೂ ಸರಿಯಾದ ಬಿಟ್‌ಮ್ಯಾಪ್ ತರಾನೇ ಕಾಣತ್ತೆ. ಅದಕ್ಕೆ 2012ರ 3.5 ಕರ್ನಲಲ್ಲಿ ಇದರ ಚೆಕ್‌ಸಮ್ಮನ್ನ, ಅಂದ್ರೆ ಒಳಗಿನ ಬಿಟ್‌ಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆನ, ಬೇರೆ ಕಡೆ, ಗ್ರೂಪಿನ ವಿವರ ಬರೆದಿಡೋ ಗ್ರೂಪ್ ಡಿಸ್ಕ್ರಿಪ್ಟರ್‌ನಲ್ಲಿ ಇಡೋ ವ್ಯವಸ್ಥೆ ಬಂತು. ತಾಳೆ ಆಗ್ಲಿಲ್ಲ ಅಂದ್ರೆ ಈಗಿನ ಕರ್ನಲ್ ಆ ಗ್ರೂಪಿಂದ ಹೊಸ ಬ್ಲಾಕ್ ಕೊಡೋದನ್ನೇ ನಿಲ್ಲಿಸತ್ತೆ.

ಮನೇಲಿ ಲಿನಕ್ಸ್ ಇದ್ರೆ ಇವತ್ತು ರಾತ್ರಿನೇ ನೋಡಬಹುದು, ನಿಜವಾದ ಡಿಸ್ಕ್ ಮುಟ್ಟೋದೇ ಬೇಡ. 64 ಎಂಬಿಯ ಒಂದು ಖಾಲಿ ಫೈಲ್ ಮಾಡಿ, ಅದರ ಮೇಲೆ 4096 ಬೈಟಿನ ಬ್ಲಾಕ್ ಅಳತೆ ಕೊಟ್ಟು ಎಕ್ಸ್ಟ್2 ಮಾಡಿ, ಡಂಪ್‌ಇ2ಎಫ್‌ಎಸ್ ಅನ್ನೋ ಕಮಾಂಡ್ ಕೇಳಿದ್ರೆ ಬಿಟ್‌ಮ್ಯಾಪ್ ಯಾವ ಬ್ಲಾಕಲ್ಲಿದೆ ಅಂತ ಹೇಳತ್ತೆ, ಆ ಬ್ಲಾಕನ್ನ ಹೆಕ್ಸಲ್ಲಿ, ಅಂದ್ರೆ ಒಂದೊಂದು ಬೈಟನ್ನ ಎರಡೆರಡು ಅಕ್ಷರವಾಗಿ ತೋರಿಸೋ ರೀತೀಲಿ, ತೆರೆದು ನೋಡಿ, ಎಫ್‌ಎಫ್ ಅಂದ್ರೆ ಎಂಟೂ ಬಿಟ್ 1. ಮೊದಲಿಗೆ ಎಫ್‌ಎಫ್ ಎಫ್‌ಎಫ್ ಅಂತ ಒಂದಿಷ್ಟು, ಅದು ಫೈಲ್ ಸಿಸ್ಟಮ್ ತನಗೇ ಇಟ್ಕೊಂಡ ಜಾಗ, ಆಮೇಲೆ ಸೊನ್ನೆಗಳು. ಡಿಬಗ್‌ಎಫ್‌ಎಸ್ ಅನ್ನೋ ಇನ್ನೊಂದು ಕಮಾಂಡಿಂದ 40 ಕೆಬಿಯ ಒಂದು ಫೈಲ್ ಒಳಗೆ ಹಾಕಿ ಮತ್ತೆ ನೋಡಿದ್ರೆ ಸರಿಯಾಗಿ ಹತ್ತು ಬಿಟ್ ಹತ್ಕೊಂಡಿರತ್ತೆ, ಬೈಟಿನ ಶುರುವಲ್ಲೇ ಜಾಗ ಸಿಕ್ಕಿದ್ರೆ ಎಫ್‌ಎಫ್ 03 ಅಂತ, ಅಂದ್ರೆ ಎಂಟು ಬಿಟ್ಟು ಮತ್ತೆ ಎರಡು ಬಿಟ್ಟು, ಕಾಣತ್ತೆ. ಹಾಗೇ ಕೆಳಗೆ ಹೋಗಿ, 2048 ಬೈಟ್ ಆದ್ಮೇಲೆ ಕೊನೇ ತನಕ ಮತ್ತೆ ಬರೀ ಎಫ್‌ಎಫ್. ನಮ್ಮ 64 ಎಂಬಿಲಿ ಇರೋದೇ 16384 ಬ್ಲಾಕು, ಉಳಿದರ್ಧ ರೂಮುಗಳು ಕಟ್ಟೇ ಇಲ್ಲ, ಕಟ್ಟದಿರೋ ರೂಮಿನ ಕೀ ಯಾರಿಗೂ ಕೊಡಬಾರದು ಅಂತ ಅವನ್ನೆಲ್ಲ ಮೊದಲೇ ಭರ್ತಿ ಅಂತ ಬರೆದಿಟ್ಟಿದಾರೆ. ನಮಸ್ಕಾರ.