ಒಂದು ವಸ್ತು, ಹಲವು ವಿದ್ಯೆಗಳು

ಕೇಳುಗರಿಗೆ ನಮಸ್ಕಾರ. ದಿನಬಳಕೆಯ ವಸ್ತುಗಳನ್ನು ಪರಿಸರಕ್ಕೆ ಹೊರೆಯಾಗದಂತೆ ರೂಪಿಸುವ ವಿದ್ಯೆಯನ್ನು ಯಾವುದೇ ಒಂದು ವಿಭಾಗ ತಾನೊಂದೇ ಪೂರ್ತಿಯಾಗಿ ಕಲಿಸಲಾರದು ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಕಾರಣವನ್ನು, ನೀರು ಕಾಯಿಸುವ ವಿದ್ಯುತ್ ಕೆಟಲ್ ಒಂದನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಪರಿಸರಸ್ನೇಹಿ ಕೆಟಲ್ ವಿನ್ಯಾಸಗೊಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಅವರ ಗಮನ ಮೊದಲು ಹರಿಯುವುದು ಅದರ ಪ್ಲಾಸ್ಟಿಕ್ ಮೈಯ ಕಡೆಗೆ. ಅಂಥ ಮೈಗೆ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಒಂದು ಕಿಲೋ ತಯಾರಿಸಲು, ಕಚ್ಚಾವಸ್ತುವಿನಲ್ಲಿ ಅಡಗಿರುವ ಶಕ್ತಿಯೂ ಸೇರಿ, ಸುಮಾರು 80 ಮೆಗಾಜೂಲ್, ಅಂದರೆ 22 ಯೂನಿಟ್ಟಿಗೆ ಸಮನಾದ ಶಕ್ತಿ ಬೇಕು. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಬೇಕಾಗುವುದು ಸುಮಾರು 0.09 ಯೂನಿಟ್ ಮಾತ್ರ. ಆದರೆ ಕಾಲು ಲೀಟರ್ ಸಾಕಾಗುವಲ್ಲಿ ಒಂದು ಲೀಟರ್ ಕಾಯಿಸಿ, ಉಳಿದದ್ದು ಪ್ರತಿಸಲವೂ ಆರಿಹೋಗುತ್ತದೆಂದು ಇಟ್ಟುಕೊಂಡು, ದಿನಕ್ಕೆ 4 ಸಲದಂತೆ 5 ವರ್ಷಕ್ಕೆ ಲೆಕ್ಕ ಹಾಕಿದರೆ, ಬೇಡದ ನೀರಿಗಾಗಿಯೇ ಸುಮಾರು 500 ಯೂನಿಟ್ ವ್ಯಯವಾಗಿರುತ್ತದೆ. ಪ್ಲಾಸ್ಟಿಕ್ಕಿನ ಚರ್ಚೆ ಈ ಅಂಕಿಯ ಮುಂದೆ ಎಷ್ಟು ಚಿಕ್ಕದು ಎಂಬುದು ಆಗ ತಿಳಿಯುತ್ತದೆ.

ಈ ಲೆಕ್ಕವನ್ನು ಎಂಜಿನಿಯರಿಂಗ್ ವಿದ್ಯಾರ್ಥಿ ಸುಲಭವಾಗಿ ಹಾಕಬಲ್ಲ. ಆದರೆ ಜನರು ಅಗತ್ಯಕ್ಕಿಂತ ಹೆಚ್ಚು ನೀರನ್ನು ಏಕೆ ತುಂಬುತ್ತಾರೆ ಎಂಬುದನ್ನು ಬಳಕೆಯ ಜಾಗದಲ್ಲಿಯೇ ತಾಳ್ಮೆಯಿಂದ ಗಮನಿಸಿ ಅರಿಯುವುದು ಸಮಾಜವಿಜ್ಞಾನ, ಮನೋವಿಜ್ಞಾನ ಓದಿದವರಿಗೆ ಒಲಿದ ಕೆಲಸ. ಅಳತೆಯ ಗೆರೆ ಹಿಡಿಕೆಯ ಹಿಂದೆ ಮರೆಯಾಗಿರಬಹುದು. ಗೆರೆಗಳು ಲೀಟರಿನ ಲೆಕ್ಕದಲ್ಲಿದ್ದು ಬಳಸುವವರು ಕಪ್ಪುಗಳ ಲೆಕ್ಕದಲ್ಲಿ ಯೋಚಿಸುತ್ತಿರಬಹುದು. ಕೆಟಲ್ ಒಪ್ಪುವ ಕನಿಷ್ಠ ಮಟ್ಟವೇ ಅರ್ಧ ಲೀಟರ್ ಇರಬಹುದು. ಆ ಮಟ್ಟವನ್ನು ಇಳಿಸಬೇಕಾದರೆ ತಳದ ಆಕಾರ ಬದಲಾಗಬೇಕು, ಅದರೊಂದಿಗೆ ಅಚ್ಚೂ ಬದಲಾಗಬೇಕು, ಮತ್ತು ಆ ಅಚ್ಚಿನ ವೆಚ್ಚವನ್ನು ಎಷ್ಟು ಕೆಟಲ್‌ಗಳ ಮೇಲೆ ಹಂಚಬಹುದೆಂದು ವಾಣಿಜ್ಯ ಬಲ್ಲವರು ಹೇಳಬೇಕು.

ವಸ್ತುವೊಂದು ಕಚ್ಚಾವಸ್ತುವಿನಿಂದ ಕಸವಾಗುವವರೆಗೆ ಪರಿಸರದ ಮೇಲೆ ಹೊರಿಸುವ ಹೊರೆಯನ್ನು ಲೆಕ್ಕ ಹಾಕುವುದೇ ಜೀವನಚಕ್ರ ವಿಶ್ಲೇಷಣೆ. ಅದನ್ನು ಕುರಿತ, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 14040 ಮಾನದಂಡದಲ್ಲಿ ಉದ್ದೇಶ ಮತ್ತು ವ್ಯಾಪ್ತಿಯ ನಿರ್ಧಾರವೇ ಮೊದಲ ಹಂತ. ವಿದ್ಯಾರ್ಥಿ ತಂಡಗಳು ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ ಎನ್ನುವೆ. ಹೋಲಿಕೆಯ ಮೂಲಮಾನವಾಗಿ ಒಂದು ಕೆಟಲ್ಲನ್ನು ತೆಗೆದುಕೊಂಡರೆ ಎರಡೇ ವರ್ಷದಲ್ಲಿ ಕೆಟ್ಟು ಕೂರುವ ಹಗುರವಾದ ಕೆಟಲ್ಲೂ ಒಳ್ಳೆಯದೆಂದು ತೋರಬಹುದು; ಹತ್ತು ವರ್ಷಗಳ ಕಾಲ ದಿನಕ್ಕೆ ನಾಲ್ಕು ಕಪ್ ಬಿಸಿನೀರು ಎಂದು ಇಟ್ಟುಕೊಂಡರೆ ಅಂಥ ಕೆಟಲ್‌ಗಳು ಐದು ಬೇಕಾಗುತ್ತವೆ. ಯಾವ ಮೂಲಮಾನ ನ್ಯಾಯವಾದದ್ದು ಎಂಬುದಕ್ಕೆ ಸೂತ್ರವೊಂದರಿಂದ ಉತ್ತರ ಸಿಗುವುದಿಲ್ಲ. ಬಳಸುವವರಿಗೆ ಬೇಕಾಗಿರುವುದೇನು, ಯಾವ ಭಾಗ ಮೊದಲು ಸವೆಯುತ್ತದೆ, ದುರಸ್ತಿಯ ವೆಚ್ಚ ಹೊಸದರ ಬೆಲೆಗೆ ಎಷ್ಟು ಹತ್ತಿರ, ಎಲ್ಲವೂ ಅಲ್ಲಿ ಒಟ್ಟಿಗೆ ಎದುರಾಗುತ್ತವೆ.

ಕಾಲೇಜಿನ ಹೊರಗಿನವರಿಗೂ ಈ ತಂಡದಲ್ಲಿ ಸ್ಥಾನವಿರಬೇಕು. ಉದಾಹರಣೆಗೆ, ನೋಟಕ್ಕೆ ಗಂಭೀರವೆಂದು ಆರಿಸುವ ಕಪ್ಪು ಬಣ್ಣಕ್ಕೆ ಸಾಮಾನ್ಯವಾಗಿ ಬೆರೆಸುವ ಕಾರ್ಬನ್ ಬ್ಲ್ಯಾಕ್, ಪ್ಲಾಸ್ಟಿಕ್ ವಿಂಗಡಿಸುವ ಯಂತ್ರದ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುವುದರಿಂದ, ಆ ಪ್ಲಾಸ್ಟಿಕ್ ಯಾವ ಜಾತಿಯದೆಂದು ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಬಣ್ಣದ ತೀರ್ಮಾನವಾಗುವ ದಿನ ವಿಂಗಡಣಾ ಕೇಂದ್ರದವರೊಬ್ಬರು ಎದುರಿಗಿದ್ದರೆ ಈ ವಿಷಯ ಆಗಲೇ ಮೇಜಿಗೆ ಬರುತ್ತದೆ. ಅಂಟಿನ ಬದಲು ಸ್ಕ್ರೂ ಬಳಸಿದರೆ ಎಷ್ಟು ಸಲ ಬಿಚ್ಚಿ ಜೋಡಿಸಬಹುದೆಂಬುದನ್ನೂ ದುರಸ್ತಿ ಮಾಡುವವರಿಂದಲೇ ಕೇಳಬೇಕು.

ಹಲವು ವಿಭಾಗದವರನ್ನು ಒಂದೆಡೆ ಕೂರಿಸಿದ ಮಾತ್ರಕ್ಕೆ ತಂಡವಾಗುವುದಿಲ್ಲ. ಲೆಕ್ಕ ಒಬ್ಬರಿಗೆ, ಚಿತ್ರ ಒಬ್ಬರಿಗೆ, ವರದಿ ಇನ್ನೊಬ್ಬರಿಗೆ ಎಂದು ಹಂಚಿಕೊಂಡು, ಕೊನೆಯ ವಾರ ಹಾಳೆಗಳನ್ನು ಜೋಡಿಸಿ ಒಪ್ಪಿಸುವ ತಂಡದಲ್ಲಿ ಪ್ರತಿಯೊಬ್ಬರೂ ತಮಗೆ ಮೊದಲೇ ಗೊತ್ತಿದ್ದದ್ದನ್ನಷ್ಟೇ ಮಾಡಿರುತ್ತಾರೆ. ಆದ್ದರಿಂದ ಮೊದಲ ದಿನವೇ ಹಳೆಯ ವಸ್ತುವೊಂದನ್ನು ಎಲ್ಲರೂ ಸೇರಿ ಬಿಚ್ಚಲಿ, ಪ್ರತಿ ಭಾಗದ ತೂಕ ಬರೆಯಲಿ, ಬಿಚ್ಚಲಾಗದ ಜಾಗಗಳನ್ನು ಗುರುತಿಸಲಿ. ಮೌಲ್ಯಮಾಪನದ ದಿನ, ತಳದ ಆಕಾರ ಏಕೆ ಬದಲಾಯಿತೆಂದು ವಾಣಿಜ್ಯದ ವಿದ್ಯಾರ್ಥಿನಿಯನ್ನು ಕೇಳಬೇಕು. ಬಿಡಿಭಾಗದ ಬೆಲೆ ಹೇಗೆ ನಿಗದಿಯಾಯಿತೆಂದು ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕೇಳಬೇಕು. ಅಂಕಗಳಲ್ಲಿ ಅರ್ಧದಷ್ಟಾದರೂ ಈ ಉತ್ತರಗಳಿಗೆ ಮೀಸಲಿರಬೇಕು.