ಗೆಲ್ಲುವವನು ಒಬ್ಬ, ಗೆಲ್ಲಿಸುವವರು ಏಳು

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೂತವರು ಯಾರು ಅಂತ ನನಗೆ ಒಂದು ಅಂದಾಜಿದೆ. ಒಲೆ ಮುಂದೆ ಅಕ್ಕಿ ರೊಟ್ಟಿ ಬೇಯಿಸುತ್ತಿರುವ ಅಕ್ಕಂದಿರು. ಕಣದಲ್ಲಿ ಕಾಫಿ ಹರವಿ, ಮೋಡ ನೋಡುತ್ತಾ ನಿಂತವರು. ಗೋಣಿಕೊಪ್ಪದಲ್ಲೋ ಸುಂಟಿಕೊಪ್ಪದಲ್ಲೋ ಅಂಗಡಿ ಬಾಗಿಲು ತೆಗೆಯುತ್ತಿರುವವರು. ಇವರ ಜೊತೆಗೆ, ಮನೆಯಲ್ಲಿ ಸೈಕಲ್ ಹುಚ್ಚು ಹಿಡಿದ ಮಗನನ್ನೋ ಮಗಳನ್ನೋ ಇಟ್ಟುಕೊಂಡು 'ಇದರಿಂದ ಏನು ಆಗುತ್ತೆ' ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರು. ಇವತ್ತು ನಾನು ಮಾತಾಡುವುದು ನಿಮ್ಮ ಹತ್ತಿರವೇ.

ನಾನು ಶಾಲೆಯಲ್ಲಿ ಪಿ.ಟಿ. ಮಾಸ್ಟರ್ ಆಗಿದ್ದವನು. ಹರೆಯದಲ್ಲಿ ರಾಜ್ಯ ಮಟ್ಟದಲ್ಲಿ ಸೈಕಲ್ ರೇಸ್ ಓಡಿದ್ದೇನೆ. ಗೆದ್ದಿದ್ದು ಕಡಿಮೆ, ಬಿದ್ದಿದ್ದು ಜಾಸ್ತಿ. ಈಗ ರಿಟೈರ್ ಆಗಿ, ಭಾನುವಾರ ಬೆಳಿಗ್ಗೆ ಕುಶಾಲನಗರದ ಕಡೆ ಹನ್ನೊಂದು ಮಕ್ಕಳಿಗೆ ಸೈಕಲ್ ಕಲಿಸುತ್ತೇನೆ.

ಹೋದ ತಿಂಗಳು ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದರು. ಕೈಯಲ್ಲಿ ಮೊಬೈಲು, ಅದರಲ್ಲಿ ಎರಡೂವರೆ ಲಕ್ಷದ ಸೈಕಲ್ಲಿನ ಚಿತ್ರ. 'ಸಾರ್, ಇದು ಕೊಡಿಸಿದರೆ ಫಸ್ಟ್ ಬರ್ತಾನಾ?' ಅಂತ ಕೇಳಿದರು. ನಾನು ಹುಡುಗನ ಕಡೆ ತಿರುಗಿ, 'ನಿನಗೆ ಬೇರೆಯವರನ್ನು ಫಸ್ಟ್ ತರೋದಕ್ಕೆ ಇಷ್ಟ ಇದೆಯಾ?' ಅಂದೆ. ಅಪ್ಪನಿಗೆ ಸಿಟ್ಟು ಬಂತು. ಹುಡುಗನಿಗೆ ನಗು ಬಂತು.

ಆದರೆ ಸೈಕಲ್ ರೇಸಿನ ಕಸುಬು ಇರುವುದೇ ಹಾಗೆ. ಟೂರ್ ಡಿ ಫ್ರಾನ್ಸ್ ಅಂತ ಕೇಳಿರ್ತೀರಿ. 1903ರಲ್ಲಿ ಶುರುವಾದ ರೇಸು. ದಿನಕ್ಕೊಂದರಂತೆ 21 ಹಂತ, ಮೂರು ವಾರ, ಹೆಚ್ಚು ಕಡಿಮೆ 3,400 ಕಿಲೋಮೀಟರ್. ಒಂದೊಂದು ತಂಡದಲ್ಲಿ ಎಂಟು ಜನ. ಆ ಎಂಟರಲ್ಲಿ ಗೆಲ್ಲುವವನು ಒಬ್ಬ, ಗೆಲ್ಲಿಸುವವರು ಏಳು. ಇವತ್ತು ನಾನು ಹೇಳುವುದು ಇದೊಂದೇ ಮಾತು. ರೊಟ್ಟಿ ಸೀಯುತ್ತೆ ಅಂತ ಎದ್ದು ಹೋಗುವವರು ಇಷ್ಟು ಕೇಳಿಸಿಕೊಂಡು ಹೋದರೂ ಸಾಕು.

ಯಾಕೆ ಹೀಗೆ? ಗಾಳಿಯಿಂದ. ಜೀಪಿನಲ್ಲಿ ಹೋಗುವಾಗ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿ, ಗಾಳಿ ಹೇಗೆ ತಳ್ಳುತ್ತದೆ ಅಂತ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವವನ ಶಕ್ತಿಯಲ್ಲಿ ಹೆಚ್ಚಿನ ಪಾಲು ಹೋಗುವುದು ಆ ಗಾಳಿಯನ್ನು ಸೀಳುವುದಕ್ಕೇ. ಅವನ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಮಳೆ ನಿಂತ ಮೇಲೆ ತೋಟದ ಕಾಲುದಾರಿಯಲ್ಲಿ ಇಬ್ಬರು ನಡೆದು ಹೋಗಿ ನೋಡಿ. ಕಾಫಿ ಗಿಡದ ನೀರೆಲ್ಲ ಮುಂದಿನವನ ಮೈಮೇಲೆ, ಹಿಂದಿನವನು ಅರ್ಧ ಒಣಗಿಯೇ ಮನೆ ಸೇರುತ್ತಾನೆ. ಜಿಗಣೆ ಮಾತ್ರ ಹಿಂದಿನವನಿಗೆ ಜಾಸ್ತಿ ಹತ್ತುತ್ತೆ, ಅದು ಬೇರೆ ಮಾತು.

ಹಾಗಾಗಿ ತಂಡದ ಏಳು ಜನ ಸರದಿಯ ಮೇಲೆ ಮುಂದೆ ಹೋಗಿ ಗಾಳಿಗೆ ಎದೆ ಕೊಡುತ್ತಾರೆ. ಎಂಟನೆಯವನು ಹಿಂದೆ ಕೂತು ಶಕ್ತಿ ಉಳಿಸಿಕೊಳ್ಳುತ್ತಾನೆ. ಕೊನೆಯ ಬೆಟ್ಟದಲ್ಲಿ ಆ ಉಳಿಸಿದ್ದನ್ನು ಖರ್ಚು ಮಾಡಿ ಗೆಲ್ಲುತ್ತಾನೆ. ನೀರು ಬೇಕಾದರೆ ಏಳರಲ್ಲಿ ಒಬ್ಬ ಹಿಂದೆ ಬರುವ ತಂಡದ ಕಾರಿನವರೆಗೆ ಇಳಿದು, ಅರ್ಧ ಲೀಟರಿನ ಎಂಟು ಬಾಟಲಿ ಅಂಗಿಯ ಬೆನ್ನಿಗೆ, ಕುತ್ತಿಗೆಗೆ ತುರುಕಿಕೊಂಡು ಮತ್ತೆ ಮುಂದೆ ಬರಬೇಕು. ನಾಲ್ಕು ಕಿಲೋ ಭಾರ. ಅಷ್ಟು ಹೊತ್ತು ರೇಸು ಇವನಿಗಾಗಿ ನಿಲ್ಲುವುದಿಲ್ಲ.

ಫ್ರೆಂಚರು ಇಂಥವನನ್ನು 'ದೊಮೆಸ್ತಿಕ್' ಅನ್ನುತ್ತಾರೆ. ಅಂದರೆ ಮನೆಯಾಳು. 1911ರಲ್ಲಿ ಟೂರ್ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಒಬ್ಬ ಸವಾರನನ್ನು ಹಂಗಿಸೋದಕ್ಕೆ ಹೇಳಿದ ಮಾತು ಅದು. ಬೈಗುಳವೇ ಕೆಲಸದ ಹೆಸರಾಗಿ ಉಳಿದುಕೊಂಡಿತು.

ಹಾಕಿ ಗೊತ್ತಿರುವ ಜಿಲ್ಲೆ ನಮ್ಮದು. 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಶುರುವಾದಾಗಿನಿಂದ ಇಲ್ಲಿ ಅಜ್ಜಿಯರು ಕೂಡ ಪಾಸ್ ಕೊಟ್ಟವನು ಯಾರು ಅಂತ ಕೇಳುತ್ತಾರೆ. ಸೈಕಲ್ ಅಂದ ಕೂಡಲೇ ಅದೇ ಜನ 'ಫಸ್ಟಾ ಸೆಕೆಂಡಾ' ಅಂತ ಕೇಳುತ್ತಾರಲ್ಲ, ನನಗೆ ಅಲ್ಲೇ ಬೇಜಾರು.

ಈಗ ಒಂದು ಕಥೆ ಹೇಳುತ್ತೇನೆ. ನನ್ನ ಮಕ್ಕಳಿಗೆ ಇದು ಬಾಯಿಪಾಠ. ನಾನು ಶುರು ಮಾಡಿದರೆ ಸಾಕು, ಅವರೇ ಮುಗಿಸುತ್ತಾರೆ.

1934ನೇ ಇಸವಿ. ಆಗ ಟೂರ್‌ನಲ್ಲಿ ದೇಶದ ಲೆಕ್ಕದಲ್ಲಿ ತಂಡ. ಫ್ರಾನ್ಸ್ ತಂಡದ ನಾಯಕ ಆಂತೊನಾನ್ ಮಾನ್ಯ್, 1931ರಲ್ಲೇ ಒಮ್ಮೆ ಗೆದ್ದವನು. ಅವನ ಮೈಮೇಲೆ ಹಳದಿ ಅಂಗಿ. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದೆ ಇರುವವನಿಗೆ ಕೊಡುವ ಅಂಗಿ ಅದು. ಅದೇ ತಂಡದಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗ, ರೆನೆ ವಿಯೆತ್ತೊ. ಕಾನ್ ಊರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದವನು. ಬೆಟ್ಟ ಹತ್ತುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಮೊದಲ ಟೂರ್‌ನಲ್ಲೇ ಆಲ್ಪ್ಸ್ ಬೆಟ್ಟಗಳಲ್ಲಿ ಹಂತದ ಮೇಲೆ ಹಂತ ಗೆದ್ದ. ತನ್ನ ಊರಾದ ಕಾನ್‌ಗೂ ಮೊದಲಿಗನಾಗಿಯೇ ಬಂದ. ಊರಿನ ಜನ ಹೇಗೆ ಕುಣಿದಿರಬೇಕು ನೀವೇ ಯೋಚಿಸಿ.

ಆಮೇಲೆ ಪಿರನೀಸ್ ಬೆಟ್ಟಗಳು ಬಂದವು. ಒಂದು ಇಳಿಜಾರಿನಲ್ಲಿ ಮಾನ್ಯ್ ಬಿದ್ದ, ಮುಂದಿನ ಚಕ್ರ ಹೋಯಿತು. ಹಿಂದಿನಿಂದ ವಿಯೆತ್ತೊ ಬಂದ. ಆಗ ಈಗಿನ ಹಾಗೆ ಬೆನ್ನಿಗೇ ತಂಡದ ಕಾರು ಇರುತ್ತಿರಲಿಲ್ಲ. ಸಾಮಾನಿನ ಗಾಡಿ ಎಲ್ಲೋ ಹಿಂದೆ. ಹುಡುಗ ಇಳಿದ, ತನ್ನ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಕೊಟ್ಟ. ನಾಯಕ ಹೊರಟು ಹೋದ. ವಿಯೆತ್ತೊ ರಸ್ತೆ ಬದಿಯ ಕಲ್ಲಿನ ಮೋಟುಗೋಡೆ ಮೇಲೆ ಕೂತ. ಪಕ್ಕದಲ್ಲಿ ಚಕ್ರ ಇಲ್ಲದ ಸೈಕಲ್. ಒಬ್ಬೊಬ್ಬರೇ ಸವಾರರು ಅವನ ಮುಂದೆ ಹಾದು ಹೋದರು. ಅವನು ಅಳುತ್ತಾ ಕೂತಿದ್ದ. ಆ ಫೋಟೋ ಈಗಲೂ ಇದೆ. ನಾನು ಅದನ್ನು ಪ್ರಿಂಟ್ ತೆಗೆಸಿ ನಮ್ಮ ಸೈಕಲ್ ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದೇನೆ. ಮಳೆಗಾಲದ ಬೂಸ್ಟಿಗೆ ಅದರ ಒಂದು ಮೂಲೆ ಕಪ್ಪಾಗಿದೆ, ಗೋಡೆ ಮಾತ್ರ ಕಾಣುತ್ತೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮಾರನೇ ದಿನ. ವಿಯೆತ್ತೊ ಮುಂದೆ ಹೋಗುತ್ತಿದ್ದಾನೆ, ಬೆಟ್ಟ ದಾಟಿದ್ದಾನೆ. ಹಿಂದೆ ನಾಯಕನ ಸೈಕಲ್ ಮತ್ತೆ ಕೆಟ್ಟಿದೆ ಅಂತ ಸುದ್ದಿ ಬಂತು. ಏನು ಮಾಡಿದ ಗೊತ್ತಾ? ಸೈಕಲ್ ತಿರುಗಿಸಿದ. ರೇಸಿನಲ್ಲಿ, ಎದುರಿನಿಂದ ಎಲ್ಲರೂ ಇಳಿದು ಬರುತ್ತಿರುವಾಗ, ಇವನೊಬ್ಬ ಉಲ್ಟಾ ಬೆಟ್ಟ ಹತ್ತಿದ! ನಮ್ಮ ಮಕ್ಕಳಿಗೆ ಹೇಳುತ್ತೇನೆ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮುಟ್ಟಿ, ಇನ್ನೇನು ಕುಶಾಲನಗರದ ಕಡೆ ಇಳಿಯಬೇಕು ಅನ್ನುವಾಗ ಯಾರೋ 'ವಾಪಸ್ ಬಾ' ಅಂದ ಹಾಗೆ ಅಂತ. ಹೋದ. ಈ ಸಲ ಚಕ್ರ ಅಲ್ಲ, ಇಡೀ ಸೈಕಲ್ಲನ್ನೇ ಕೊಟ್ಟ.

ಮಾನ್ಯ್ ಆ ವರ್ಷದ ಟೂರ್ ಗೆದ್ದ. ವಿಯೆತ್ತೊ ಐದನೆಯವನಾದ. ಬೆಟ್ಟದ ರಾಜ ಅನ್ನುವ ಬಹುಮಾನ ಅವನಿಗೇ ಬಂತು. 1939ರಲ್ಲಿ ಅವನಿಗೆ ಎರಡನೇ ಸ್ಥಾನ. 1947ರಲ್ಲಿ ಎಷ್ಟೋ ದಿನ ಹಳದಿ ಅಂಗಿ ಹಾಕಿಕೊಂಡಿದ್ದು, ಕೊನೆಯಲ್ಲಿ ಒಬ್ಬೊಬ್ಬರೇ ಓಡುವ 139 ಕಿಲೋಮೀಟರ್ ಹಂತದಲ್ಲಿ ಕಳೆದುಕೊಂಡ. ಟೂರ್ ಅವನಿಗೆ ಕೊನೆಗೂ ಸಿಗಲಿಲ್ಲ. ಆದರೆ 1934 ಅಂದರೆ ಜನ ಮಾತಾಡುವುದು ಗೋಡೆ ಮೇಲೆ ಕೂತ ಹುಡುಗನ ಬಗ್ಗೆ. ಗೆದ್ದವನ ಹೆಸರು ನೆನಪಿರುವವರು ಕಡಿಮೆ.

ನೋಡಿ, ಗಾಜಿನ ಆಚೆಯಿಂದ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಇನ್ನು ಬೇಗ ಬೇಗ ಹೇಳುತ್ತೇನೆ.

ಈ ಕಸುಬಿಗೆ ದಾರಿ ಹೇಗೆ? ಹದಿನೇಳು ಹದಿನೆಂಟಕ್ಕೆ ಜೂನಿಯರ್. ಆಮೇಲೆ 23ರ ಒಳಗಿನವರ ವಿಭಾಗ. ಅಲ್ಲಿ ಕಣ್ಣಿಗೆ ಬಿದ್ದರೆ ಒಂದು ತಂಡದ ಜೊತೆ ಒಪ್ಪಂದ. ಒಂದೋ ಎರಡೋ ವರ್ಷಕ್ಕೆ. ಅದು ಮುಗಿಯುವಾಗ ಮತ್ತೆ ಎದೆ ಡವಡವ. ತಂಡದ ಹೆಸರೇ ಕಂಪನಿಯ ಹೆಸರು. ಕಂಪನಿ ಕೈಬಿಟ್ಟರೆ ತಂಡವೇ ಇಲ್ಲ. ಮೆಣಸಿನ ರೇಟಿನ ಹಾಗೆ ಅಂದುಕೊಳ್ಳಿ. ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ರೇಸು ಶುರುವಾದರೆ ಅಕ್ಟೋಬರ್‌ನಲ್ಲಿ ಇಟಲಿಯ ಲೊಂಬಾರ್ದಿಯಾ ಮುಗಿಯುವವರೆಗೆ ಊರೂರು ಅಲೆತ. ಮೂವತ್ತೈದರ ಆಸುಪಾಸಿಗೆ ಹೆಚ್ಚಿನವರು ಸೈಕಲ್ ಗೋಡೆಗೆ ಒರಗಿಸುತ್ತಾರೆ. ಅಷ್ಟರಲ್ಲಿ ಕೊರಳ ಪಟ್ಟಿ ಮೂಳೆ ಒಮ್ಮೆಯಾದರೂ ಮುರಿದಿರುತ್ತದೆ.

ಬೆಲ್ಜಿಯಂನ ಎಡ್ಡಿ ಮರ್ಕ್ಸ್ 525 ರೇಸ್ ಗೆದ್ದ, ಐದು ಸಲ ಟೂರ್ ಗೆದ್ದ. ಆ ಹೆಸರನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಒಂದೇ ಒಂದು ರೇಸ್ ಗೆಲ್ಲದೆ ಹತ್ತು ವರ್ಷ ಸಂಬಳ ತೆಗೆದುಕೊಂಡು ಮರ್ಯಾದೆಯಿಂದ ಬದುಕುವ ಸವಾರರು ಇದ್ದಾರೆ. ಸೋಮಾರಿತನದಿಂದ ಅಲ್ಲ. ಅವರ ಕೆಲಸ ಗೆಲ್ಲಿಸುವುದು. ಬಹುಮಾನದ ದುಡ್ಡು ಬಂದರೆ ಅದನ್ನು ತಂಡದಲ್ಲಿ ಹಂಚುವುದು ವಾಡಿಕೆ, ಕಾಲು ನೀವುವವರಿಗೆ, ಮೆಕ್ಯಾನಿಕ್‌ಗೆ ಕೂಡ ಪಾಲು ಇರುತ್ತದೆ. ಗೆಲ್ಲುವವನು ಒಬ್ಬ, ಗೆಲ್ಲಿಸುವವರು ಏಳು ಅಂದೆನಲ್ಲ, ಲೆಕ್ಕ ಹಾಕಿದರೆ ಏಳಕ್ಕಿಂತಲೂ ಜಾಸ್ತಿ.

ಔಷಧಿ ವಿಷಯ ಕೇಳ್ತೀರಿ ಅಂತ ಗೊತ್ತು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಗೆಲುವನ್ನೂ 2012ರಲ್ಲಿ ಕಿತ್ತುಕೊಂಡರು. ಈಗ ದೊಡ್ಡ ಸವಾರರು ದಿನಾ ಎಲ್ಲಿರುತ್ತೇವೆ ಅಂತ ಪರೀಕ್ಷೆಯವರಿಗೆ ಮೊದಲೇ ತಿಳಿಸಬೇಕು. ಹೊತ್ತಲ್ಲದ ಹೊತ್ತಿಗೆ ಬಂದು ಬಾಗಿಲು ತಟ್ಟುತ್ತಾರೆ. ನಿಮ್ಮ ಮಗುವಿಗೆ ಯಾರಾದರೂ ಪುಡಿ, ಇಂಜೆಕ್ಷನ್ ಅಂದರೆ ಆ ಮನುಷ್ಯನನ್ನು ಗೇಟಿನ ಆಚೆಗೆ ಕಳಿಸಿ.

ಊಟ. ಇದನ್ನು ಬಿಡಲ್ಲ. ಹಸಿವಾಗುವ ಮೊದಲೇ ತಿನ್ನಬೇಕು. ಹರೆಯದಲ್ಲಿ ನಾನು ಬೆಳಿಗ್ಗೆ ಬರೀ ಕಾಫಿ ಕುಡಿದು ಸುಳ್ಯಕ್ಕೆ ಇಳಿದು ವಾಪಸ್ ಹತ್ತುವಾಗ, ಜೋಡುಪಾಲದ ಹತ್ತಿರ ಕಣ್ಣು ಕತ್ತಲೆ ಬಂದು ಚರಂಡಿಗೆ ಬಿದ್ದೆ. ಯಾರೋ ಒಬ್ಬರು ಅಜ್ಜಿ ಎರಡು ಬಾಳೆಹಣ್ಣು ಕೊಟ್ಟು, ಅದರ ಮೇಲೆ ಹತ್ತು ನಿಮಿಷ ಬೈದರು. ಯುರೋಪಿನ ತಂಡಗಳಲ್ಲಿ ಅನ್ನ ಬೇಯಿಸಿ, ಒತ್ತಿ, ಚೌಕಕ್ಕೆ ಕತ್ತರಿಸಿ, ಸುತ್ತಿ ಸವಾರನ ಜೇಬಿಗೆ ಹಾಕುತ್ತಾರೆ. ಅದನ್ನು ಓದಿದ ದಿನ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡಂಬುಟ್ಟು ಅಲ್ವಾ ಅದು! ಈಗ ನನ್ನ ಮಕ್ಕಳ ಬೆನ್ನ ಜೇಬಿನಲ್ಲಿ ತಲಾ ಎರಡು ಕಡಂಬುಟ್ಟು ಇರುತ್ತವೆ. ಪಂದಿಕರಿ ಮನೆಗೆ ಬಂದ ಮೇಲೆ.

ನಮ್ಮಲ್ಲಿ ಬೆಟ್ಟ ಇದೆ, ಆದರೆ ಹೆಮ್ಮೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಟೂರ್‌ನವರು ಹತ್ತುವ ತೂರ್ಮಲೆ ಘಾಟಿಯ ರಸ್ತೆ 2,115 ಮೀಟರ್ ಎತ್ತರದಲ್ಲಿದೆ. ನಮ್ಮ ತಡಿಯಂಡಮೋಳ್ ಶಿಖರವೇ 1,748. ರಾಜ್ಯದಲ್ಲಿ ಒಳ್ಳೆಯ ಸವಾರರು ಬರುತ್ತಿರುವುದು ಬೆಟ್ಟ ಇರುವ ನಮ್ಮಲ್ಲಿಂದಲ್ಲ, ಬಯಲಿನ ವಿಜಯಪುರ, ಬಾಗಲಕೋಟೆಯಿಂದ. ಅಲ್ಲಿ ಸೈಕಲ್ಲಿಗೆ ಕ್ರೀಡಾ ಹಾಸ್ಟೆಲ್ ಇದೆ, ಗುಂಪಿನಲ್ಲಿ ಓಡಿ ಅಭ್ಯಾಸ ಇದೆ. ಎದುರುಗಾಳಿಯೂ ಇದೆ. ಬೆಟ್ಟವನ್ನು ಒಬ್ಬನೇ ಹತ್ತಿ ಕಲಿಯಬಹುದು. ಇನ್ನೊಬ್ಬನ ಚಕ್ರದಿಂದ ಒಂದು ಗೇಣು ದೂರದಲ್ಲಿ, ಬ್ರೇಕ್ ಮುಟ್ಟದೆ ಓಡಿಸುವುದನ್ನು ಒಬ್ಬನೇ ಕಲಿಯೋಕಾಗಲ್ಲ.

ಹಾಗಾಗಿ ಎರಡೂವರೆ ಲಕ್ಷ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಹಳೇ ಸೈಕಲ್ ಆದೀತು, ಸೀಟು ಮಾತ್ರ ಮಗುವಿನ ಕಾಲಿಗೆ ಸರಿಯಾಗಿರಲಿ. ಭಾನುವಾರ ವಾಪಸ್ ಬಂದಾಗ 'ಎಷ್ಟನೆಯವನು ಬಂದೆ' ಅಂತ ಕೇಳಬೇಡಿ. 'ಇವತ್ತು ಮುಂದೆ ಎಷ್ಟು ಹೊತ್ತು ಇದ್ದೆ' ಅಂತ ಕೇಳಿ.

ಆ ಹುಡುಗ ಬರುತ್ತಿದ್ದಾನೆ, ಅಪ್ಪನ ಹಳೇ ಸೈಕಲ್ಲಿನಲ್ಲೇ. ಹೋದ ವಾರ ಒಂದು ಹುಡುಗಿಯ ಟ್ಯೂಬ್ ಪಂಚರ್ ಆದಾಗ ಇವನು ಇಳಿದು ಚಕ್ರ ಬಿಚ್ಚೋದಕ್ಕೆ ಹೋದ. ನಟ್ಟು ತುಕ್ಕು ಹಿಡಿದು ಬರಲಿಲ್ಲ. ಸ್ಪ್ಯಾನರ್ ಎಲ್ಲಿ ಅಂದರೆ ಯಾರ ಹತ್ತಿರವೂ ಇಲ್ಲ. ಹನ್ನೊಂದು ಸೈಕಲ್, ಒಂದು ಸ್ಪ್ಯಾನರ್ ಇಲ್ಲ! ದಯವಿಟ್ಟು ಬರುವ ಭಾನುವಾರ ಒಂದೊಂದು ಕೊಟ್ಟು ಕಳಿಸಿ. ಘಾಟಿ ಇಳಿಯುವವರು ಬ್ರೇಕಿನ ರಬ್ಬರ್ ಬದಲಾಯಿಸಿಕೊಂಡೇ ಬನ್ನಿ. ಬೆಳಿಗ್ಗೆ ಆರೂವರೆಗೆ, ಮಂಜು ಇದ್ದರೆ ಏಳಕ್ಕೆ.

ನಮಸ್ಕಾರ.