ತಲೆಯ ಮೇಲೆ ದನ, ತಟ್ಟೆಯಲ್ಲಿ ಸ್ಟೇಕ್

ಗೆಳೆಯರೇ, ಹಳೇ ಕಾರ್ಖಾನೆಯೊಳಗೆ ರೆಸ್ಟೋರೆಂಟ್ ತೆರೆದು ಗೋಡೆಗೆ ನಾಲ್ಕು ಚಿತ್ರ ತೂಗುಹಾಕುವುದು ಈಗ ಎಲ್ಲ ದೊಡ್ಡ ಊರುಗಳಲ್ಲೂ ಇದೆ. ಜಾಸ್ತಿ ಕಡೆ ಆ ಚಿತ್ರ ಸುಮ್ನೆ ಅಲಂಕಾರಕ್ಕೆ. ರಾತ್ರೋರಾತ್ರಿ ಬದಲಾಯಿಸಿದರೂ ಉಣ್ಣುವವರಿಗೆ ಗೊತ್ತಾಗುವುದಿಲ್ಲ. ಹಾಗಲ್ಲದ ಒಂದು ಜಾಗದ ಬಗ್ಗೆ ಇವತ್ತು ಹೇಳುತ್ತೇನೆ.

ಲಂಡನ್ನಿನ ಶೋರ್‌ಡಿಚ್‌ನಲ್ಲಿ, 1905ರ ಸುಮಾರಿಗೆ, ಟ್ರಾಮ್‌ಗಳಿಗೆ ಕರೆಂಟು ಕೊಡಲೆಂದು ಒಂದು ಕಟ್ಟಡ ಎದ್ದಿತು. ವಿನ್ಸೆಂಟ್ ಹ್ಯಾರಿಸ್ ಅದರ ವಾಸ್ತುಶಿಲ್ಪಿ. (ನಮ್ಮ ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದೂ 1905ರಲ್ಲೇ.) ಟ್ರಾಮ್ ಹೋಯಿತು, ಕಟ್ಟಡ ಉಳಿಯಿತು. 2012ರಲ್ಲಿ ಮಾರ್ಕ್ ಹಿಕ್ಸ್ ಎಂಬ ಬಾಣಸಿಗರು ಅಲ್ಲಿ ‘ಟ್ರಾಮ್‌ಶೆಡ್’ ರೆಸ್ಟೋರೆಂಟ್ ಶುರುಮಾಡಿದರು. ಮೆನು ಚಿಕ್ಕದಿತ್ತು. ಮುಖ್ಯವಾಗಿ ರೋಸ್ಟ್ ಮಾಡಿದ ಕೋಳಿ, ಇಲ್ಲವೇ ಬೀಫ್ ಸ್ಟೇಕ್, ಅಂದರೆ ದನದ ಮಾಂಸದ ದಪ್ಪ ಹೋಳು.

ಹಾಲ್‌ನಲ್ಲಿ ಕೂತವರ ತಲೆಗಿಂತ ಎತ್ತರದಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಒಳಗೆ ಫಾರ್ಮಾಲ್ಡಿಹೈಡ್ ಎಂಬ, ಸತ್ತ ದೇಹ ಕೊಳೆಯದಂತೆ ಕಾಯುವ ದ್ರಾವಣದಲ್ಲಿ ಮುಳುಗಿಸಿಟ್ಟ ಇಡೀ ದನ. ಅದರ ಬೆನ್ನಿನ ಮೇಲೆ ಹುಂಜ. ಡೇಮಿಯನ್ ಹರ್ಸ್ಟ್ ಎಂಬ ಬ್ರಿಟಿಷ್ ಕಲಾವಿದ ಮಾಡಿದ ಕೃತಿ ಇದು. ಕೆಳಗೆ ತಟ್ಟೆಯಲ್ಲಿ ಏನಿತ್ತೋ ಅದೇ ಮೇಲೆ, ಕಣ್ಣು, ಕಾಲು, ತೊಗಲು ಸಮೇತ. ಕಲೆಗೂ ಅಡುಗೆಗೂ ಇಷ್ಟು ನೇರ ನಂಟು ನಾನು ಬೇರೆಲ್ಲೂ ಕೇಳಿಲ್ಲ. ನಾವು ತಿನ್ನುವಾಗ ಯಾವುದನ್ನು ಮರೆಯುತ್ತೇವೋ ಅದನ್ನೇ ತಂದು ಕಣ್ಣೆದುರು ಇಟ್ಟರು, ಅಲ್ವಾ? ಇಂಥ ತೊಟ್ಟಿಗೆ ಮಾಮೂಲಿ ಹೋಟೆಲಿನ ಸೂರು ಸಾಲದು. ಯಂತ್ರಕ್ಕೆಂದು ಕಟ್ಟಿದ ಎತ್ತರದ ಹಾಲೇ ಬೇಕು.

ಉಣ್ಣುವವರನ್ನು ಕೆಣಕುವ ಆಸೆ ಹರ್ಸ್ಟ್‌ಗಿಂತ ಮೊದಲೂ ಇತ್ತು. 1958ರಲ್ಲಿ ಮಾರ್ಕ್ ರಾಥ್ಕೊ ಎಂಬ ಅಮೆರಿಕದ ಚಿತ್ರಕಾರರು ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡದ ಫೋರ್ ಸೀಸನ್ಸ್ ರೆಸ್ಟೋರೆಂಟಿಗೆ ಚಿತ್ರ ಬರೆಯಲು ಒಪ್ಪಿಕೊಂಡರು. ಅಲ್ಲಿ ಉಣ್ಣುವ ಸಿರಿವಂತರ ಹಸಿವೇ ಕೆಟ್ಟುಹೋಗಬೇಕು ಅನ್ನುವುದು ಅವರ ಆಸೆಯಾಗಿತ್ತು ಎಂದು ಜಾನ್ ಫಿಶರ್ ಎಂಬ ಪತ್ರಕರ್ತ ಮುಂದೆ ಬರೆದರು. ಆಮೇಲೆ ರಾಥ್ಕೊ ಹೆಂಡತಿಯ ಜೊತೆ ಅದೇ ರೆಸ್ಟೋರೆಂಟಿಗೆ ಊಟಕ್ಕೆ ಹೋದರು. ಚಿತ್ರ ಕೊಡುವುದಿಲ್ಲ ಅಂದರು, ದುಡ್ಡು ವಾಪಸ್ ಮಾಡಿದರು.

ಅವುಗಳಲ್ಲಿ 9 ಚಿತ್ರ ಲಂಡನ್ನಿನ ಟೇಟ್ ಎಂಬ ಕಲಾ ಮ್ಯೂಸಿಯಂನ ಸಂಗ್ರಹಕ್ಕೆ ಸೇರಿದವು. ಅವು ಅಲ್ಲಿಗೆ ತಲುಪಿದ ದಿನವೇ, 1970ರ ಫೆಬ್ರವರಿ 25ರಂದು, ರಾಥ್ಕೊ ತೀರಿಕೊಂಡರು. ಮುಂದೆ ಆ ಚಿತ್ರಗಳನ್ನು ಟೇಟ್ ಮಾಡರ್ನ್‌ನಲ್ಲಿ ತೂಗುಹಾಕಿದರು. ಅದೂ ಒಂದು ಕಾಲದ ವಿದ್ಯುತ್ ಸ್ಥಾವರ. 1981ರಲ್ಲಿ ಮುಚ್ಚಿತು, 2000ದಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಅಲ್ಲೂ ರೆಸ್ಟೋರೆಂಟ್ ಇದೆ, ಆದರೆ ಪುಣ್ಯಕ್ಕೆ ಬೇರೆ ಮಹಡಿಯಲ್ಲಿ.

ಆ ಚಿತ್ರಗಳು ನ್ಯೂಯಾರ್ಕಿನಲ್ಲೇ ಉಳಿದಿದ್ದರೂ ಯಾರ ಹಸಿವೂ ಕೆಡುತ್ತಿರಲಿಲ್ಲ ಎಂದು ನನ್ನ ಲೆಕ್ಕ. ಸತ್ತ ದನದ ಕೆಳಗೇ ಕೂತು ಜನ ವರ್ಷಗಟ್ಟಲೆ ಸ್ಟೇಕ್ ತಿಂದರಲ್ಲ! ಟ್ರಾಮ್‌ಶೆಡ್ ಬಾಗಿಲು ಹಾಕಿದ್ದು 2020ರಲ್ಲಿ, ಕೊರೊನಾ ಹೊತ್ತಿನಲ್ಲಿ. ಗಿರಾಕಿಗಳಿಗೆ ಹೇಸಿಗೆಯಾಗಿ ಅಲ್ಲ.